ಪದ ಪರಿಚಯ: ವೆಚ್ಚ ಪರಿಣಾಮಕಾರಿ (ಅಗ್ಗ ಅಲ್ಲ ಸ್ವಾಮಿ)

‘ಕಾಸ್ಟ್ ಎಫೆಕ್ಟಿವ್ ದರದಲ್ಲಿ ಮಂಡಿ ಆಪರೇಷನ್’ ಎಂಬ ಫ್ಲೆಕ್ಸನ್ನು ಬೇಕಾದರೆ ಕ್ಷಮಿಸೋಣ, ಫ್ಲೆಕ್ಸ್ ಬರೆಸುವವರಿಗೆ ಗಿರಾಕಿ ಬಂದರೆ ಸಾಕು. ಆದರೆ ಹಾಸನ, ಚಿಕ್ಕಮಗಳೂರಿನ ಪತ್ರಿಕಾ ಪ್ರಕಟಣೆಗಳಲ್ಲಿ, ಸಭೆಯ ನಡಾವಳಿಗಳಲ್ಲಿ ‘ವೆಚ್ಚ ಪರಿಣಾಮಕಾರಿ’ ಎಂದು ಕನ್ನಡ ಮಾಡಿಕೊಂಡ ಮೇಲೂ ಅದನ್ನು ‘ಕಡಿಮೆ ಖರ್ಚಿನ’ ಎಂಬ ಅರ್ಥದಲ್ಲೇ ಬಳಸುವುದಕ್ಕೆ ಕ್ಷಮೆಯಿಲ್ಲ. ದರ ಹೆಚ್ಚಿರಬಹುದು, ಕಡಿಮೆ ಇರಬಹುದು. ಪರಿಣಾಮಕಾರಿ ದರ ಅಂತ ಒಂದು ಇರುವುದಿಲ್ಲ. ಹೆಚ್ಚಿಗೆ ಮಾಡುವ ಖರ್ಚಿಗೆ ತಕ್ಕ ಫಲ ಹೆಚ್ಚಿಗೆ ಸಿಗುತ್ತದೆಯೇ ಎಂಬುದೇ ಈ ಪದ ಕೇಳುವ ಪ್ರಶ್ನೆ.

ತಮಾಷೆಯೆಂದರೆ ಇದೇ ಗೊಂದಲ ‘ಅಗ್ಗ’ ಎಂಬ ಪದದ ಹೊಟ್ಟೆಯೊಳಗೇ ಇದೆ. ಅಗ್ಗ ಎಂಬುದು ಸಂಸ್ಕೃತದ ‘ಅರ್ಘ’ದ ತದ್ಭವ. ಅರ್ಘ ಎಂದರೆ ಬೆಲೆ, ಯೋಗ್ಯತೆ. ಕಡಿಮೆ ಬೆಲೆ ಎಂಬ ಸುಳಿವೇ ಅದರಲ್ಲಿಲ್ಲ. ಬೆಲೆ ಕಟ್ಟಲಾಗದ ರತ್ನವನ್ನು ‘ಅನರ್ಘ್ಯ’ ಎನ್ನುವಾಗ ನಾವು ಬಳಸುವುದು ಇದೇ ಬೇರನ್ನು. ‘ಮಹಾರ್ಘ’ ಎಂದರೆ ತುಟ್ಟಿ. ಮರಾಠಿಯ ‘ಮಹಾಗ್’, ಹಿಂದಿಯ ‘ಮಹಂಗಾ’ ಅಲ್ಲಿಂದಲೇ ಬಂದವು. ಕನ್ನಡಕ್ಕೆ ಬರುವಷ್ಟರಲ್ಲಿ ಅರ್ಘದ ಯೋಗ್ಯತೆಯೆಲ್ಲ ಸೋರಿಹೋಗಿ ಉಳಿದದ್ದು ಕಡಿಮೆ ಬೆಲೆ ಮಾತ್ರ. ‘ಎಷ್ಟು ಬಾಳುತ್ತದೆ?’ ಎಂಬ ಪ್ರಶ್ನೆ ‘ಎಷ್ಟು ಕಡಿಮೆಗೆ ಸಿಗುತ್ತದೆ?’ ಎಂದಾಯಿತು. ‘ಕಾಸ್ಟ್ ಎಫೆಕ್ಟಿವ್’ಗೆ ಈಗ ಆಗುತ್ತಿರುವುದೂ ಅದೇ.

ಆದರೆ ಲೆಕ್ಕ ಗೊತ್ತಿಲ್ಲದವರೇನಲ್ಲ ನಾವು. ಕೊಪ್ಪ, ಶೃಂಗೇರಿ ಕಡೆ ಅಡಿಕೆಗೆ ಕೊಳೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸುವವರನ್ನು ಕೇಳಿ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಮಳೆ ಬಿಡದೆ ಹೊಯ್ದರೆ ಮೂರನೆಯದು ಬೇಕೇ ಎಂಬಲ್ಲಿ ಮಾತು ನಿಲ್ಲುತ್ತದೆ. ಆಗ ಯಾರೂ ಮೂರೂ ಸಲದ ಖರ್ಚು ಕೂಡಿಸಿ ಪೂರ್ತಿ ಬೆಳೆಗೆ ಭಾಗಿಸುವುದಿಲ್ಲ. ಮೂರನೆಯ ಸಲಕ್ಕೆ ಮೈಲುತುತ್ತ, ಸುಣ್ಣ, ಮರ ಹತ್ತಿ ಹೊಡೆಯುವ ಕೊನೆಗೌಡನ ಕೂಲಿ ಎಷ್ಟು, ಅದರಿಂದ ಹೆಚ್ಚಿಗೆ ಉಳಿಯುವ ಅಡಿಕೆ ಎಷ್ಟು ಅಂತ ನೋಡಿ ‘ಗಿಟ್ಟುತ್ತೆ’ ಅಥವಾ ‘ಗಿಟ್ಟಲ್ಲ’ ಅನ್ನುತ್ತಾರೆ. ವೆಚ್ಚ ಪರಿಣಾಮಕಾರಿತ್ವದ ಜೀವ ಇರುವುದು ಆ ‘ಹೆಚ್ಚಿಗೆ’ಯಲ್ಲಿ. ಒಂದು ವ್ಯತ್ಯಾಸ ಮಾತ್ರ ಇದೆ. ತೋಟದಲ್ಲಿ ಗಿಟ್ಟುವುದು ದುಡ್ಡು, ಚಿಕಿತ್ಸೆಯಲ್ಲಿ ಗಿಟ್ಟಬೇಕಾದದ್ದು ಆರೋಗ್ಯ. ಫಲವನ್ನೂ ರೂಪಾಯಿಗೆ ತಿರುಗಿಸಿ ಹೋಲಿಸುವ ಲೆಕ್ಕ ಬೇರೆ, ಅದು ವೆಚ್ಚ-ಲಾಭ ವಿಶ್ಲೇಷಣೆ.

ಆರೋಗ್ಯವನ್ನು ಅಳೆಯುವ ಕೊಳಗಕ್ಕೆ ‘ಕ್ವಾಲಿ’ ಎನ್ನುತ್ತಾರೆ: ಗುಣಮಟ್ಟ ತೂಗಿದ ಜೀವವರ್ಷ. ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ 1, ಸಾವಿಗೆ 0. ನಡುವಿನ ಅಂಕ ಹೆಚ್ಚಾಗಿ ಬರುವುದು ಐದು ಪ್ರಶ್ನೆಗಳಿಂದ: ನಡೆದಾಟ, ತನ್ನ ಸ್ನಾನ-ಬಟ್ಟೆ ತಾನೇ ನೋಡಿಕೊಳ್ಳುವುದು, ದಿನದ ಕೆಲಸ, ನೋವು, ಆತಂಕ-ಖಿನ್ನತೆ. ಪ್ರಶ್ನೆಗಳು ಸಪಾಟು ನೆಲದವು ಎಂಬ ಗೊಣಗಾಟ ನನ್ನದು. ಆಸ್ಪತ್ರೆಯ ಕಾರಿಡಾರಿನಲ್ಲಿ ಚೆನ್ನಾಗಿಯೇ ನಡೆಯುವ ಮಂಡಿ, ಕಾಫಿ ತೋಟದ ಇಳಿಜಾರಿನಲ್ಲಿ ಹಣ್ಣಿನ ಚೀಲ ಹೊತ್ತು ಇಳಿಯುವಾಗ ಕೈಕೊಡುತ್ತದೆ. ‘ದಿನದ ಕೆಲಸ’ ಎಂದರೆ ಯಾವ ಕೆಲಸ ಎಂದು ಕೇಳದೆ ಅಂಕ ಹಾಕಿದರೆ ತಪ್ಪುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಅಂಕಿಗಳು ಉದಾಹರಣೆಗಷ್ಟೇ. ಹಳೆಯ ಚಿಕಿತ್ಸೆಗೆ ಒಬ್ಬರಿಗೆ 10,000 ರೂಪಾಯಿ, ಸಿಗುವುದು 2 ಕ್ವಾಲಿ. ಹೊಸದಕ್ಕೆ 1,60,000, ಸಿಗುವುದು 2.5. ಆತುರದವರು 1,60,000ವನ್ನು 2.5ರಿಂದ ಭಾಗಿಸಿ ‘ಕ್ವಾಲಿಗೆ ಬರೀ 64,000’ ಎಂದು ಸ್ಲೈಡು ಮಾಡುತ್ತಾರೆ. ಅದು ಸರಾಸರಿ, ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಮೊದಲ 2 ಕ್ವಾಲಿ 10,000ಕ್ಕೇ ಸಿಗುತ್ತಿತ್ತಲ್ಲ! ಹೆಚ್ಚಿನ ಖರ್ಚು 1,50,000, ಹೆಚ್ಚಿನ ಫಲ ಅರ್ಧ ಕ್ವಾಲಿ. ಅಂದರೆ ಒಂದು ಕ್ವಾಲಿಗೆ 3 ಲಕ್ಷ. ಒಂದು ಕ್ವಾಲಿಗೆ ಇಷ್ಟರವರೆಗೆ ಖರ್ಚು ಮಾಡಬಹುದು ಎಂದು ಭಾರತದಲ್ಲಿ ಸಾಮಾನ್ಯವಾಗಿ ಗೆರೆ ಎಳೆಯುವುದು ತಲಾ ಜಿಡಿಪಿಯ ಮಟ್ಟದಲ್ಲಿ, ಅದು 2 ಲಕ್ಷ ಚಿಲ್ಲರೆ. ಹಾಗಾಗಿ ಇದು ಗೆರೆ ಮೀರಿತು, ವೆಚ್ಚ ಪರಿಣಾಮಕಾರಿ ಅಲ್ಲ. ‘ಯಾವುದಕ್ಕೆ ಹೋಲಿಸಿದರೆ?’ ಎಂಬುದಕ್ಕೆ ಉತ್ತರವಿಲ್ಲದ ‘ವೆಚ್ಚ ಪರಿಣಾಮಕಾರಿ’ಯನ್ನು ಅಲ್ಲೇ ಮಡಚಿಡಬಹುದು.

ನಮ್ಮಲ್ಲಿ ಈ ಕೆಲಸಕ್ಕೆಂದೇ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ 2017ರಿಂದ ಎಚ್‌ಟಿಎಇನ್ (ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನ) ಎಂಬ ವ್ಯವಸ್ಥೆಯಿದೆ. ಕಣ್ಣಿನ ಪೊರೆಗೆ ಸಣ್ಣ ಛೇದನದ ಶಸ್ತ್ರಚಿಕಿತ್ಸೆ ಮಾಡಿ ಗಟ್ಟಿ ಮಸೂರ ಕೂರಿಸುವುದು, ಪೊರೆಯನ್ನು ಯಂತ್ರದಿಂದ ಪುಡಿಮಾಡಿ ತೆಗೆದು ಮಡಚುವ ಮಸೂರ ಕೂರಿಸುವ ಫೇಕೋಗಿಂತ ಸರ್ಕಾರಿ ದುಡ್ಡಿಗೆ ಹೆಚ್ಚು ತಕ್ಕದ್ದು ಎಂದು ಅದರ ಅಧ್ಯಯನ ಹೇಳಿತು. ಅಲ್ಲಿ ಅಗ್ಗದ್ದೇ ಗೆದ್ದಿತು. ಸಿರಿಂಜಿನ ವಿಷಯದಲ್ಲಿ ತಿರುಗಾಮುರುಗಾ. ಒಮ್ಮೆ ಬಳಸಿದರೆ ಮತ್ತೆ ಬಳಸಲು ಬಾರದ ಸಿರಿಂಜು ಸಾದಾ ಸಿರಿಂಜಿಗಿಂತ ತುಟ್ಟಿ, ಆದರೂ ಪಾಸಾಯಿತು. ಸೂಜಿ ಚುಚ್ಚಿಕೊಳ್ಳದಂತೆ ಕಾಯುವ, ಇನ್ನೂ ತುಟ್ಟಿಯದು ಆಗಿನ ಬೆಲೆಯಲ್ಲಿ ಪಾಸಾಗಲಿಲ್ಲ. ಬೆಲೆ ಇಳಿದರೆ ಉತ್ತರ ಬದಲಾಗಬಹುದು.

ಇನ್ನು ವೆಚ್ಚ ಯಾರದು? ಡಯಾಲಿಸಿಸ್ ಯಂತ್ರಗಳನ್ನು ಹಾಸನದಲ್ಲೇ ಹೆಚ್ಚಿಸುವುದೋ ತಾಲ್ಲೂಕು ಆಸ್ಪತ್ರೆಗೆ ಹಂಚುವುದೋ ಎಂಬ ಪ್ರಶ್ನೆಯನ್ನೇ ನೋಡಿ. ಒಂದೇ ಕಡೆ ಇದ್ದರೆ ತಂತ್ರಜ್ಞರು, ನೀರು ಶುದ್ಧಿ ಘಟಕ ಎಲ್ಲದರ ವೆಚ್ಚ ಹೆಚ್ಚು ರೋಗಿಗಳಿಗೆ ಹಂಚಿಹೋಗಿ ಪ್ರತಿ ಸಲದ ಖರ್ಚು ಇಳಿಯುತ್ತದೆ. ಆಸ್ಪತ್ರೆಯ ಪುಸ್ತಕ ಅಷ್ಟನ್ನೇ ಹೇಳುತ್ತದೆ. ವಾರಕ್ಕೆ ಎರಡು ಸಲ ಎಂದರೆ ವರ್ಷಕ್ಕೆ 104 ಸಲ. ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯಿಂದ ಬರುವ ರೋಗಿ ದುಡಿಯುವ ಸ್ಥಿತಿಯಲ್ಲಿಲ್ಲ ಎಂದೇ ಇಟ್ಟುಕೊಳ್ಳಿ. ಜೊತೆಗೆ ಬರುವವರ ದಿನಗೂಲಿ 500 ಎಂದು ಹಿಡಿದರೂ 52,000 ಹೋಯಿತು. ಅದು ಆಸ್ಪತ್ರೆಯ ಪುಸ್ತಕಕ್ಕೆ ಬರುವುದಿಲ್ಲ. ಜೊತೆಗೆ ಬಂದವರು ಹೆಂಗಸಾದರೆ ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ಶೂನ್ಯ ಟಿಕೆಟ್. ಶೂನ್ಯ ಅವರ ಕೈಗೆ, ಸರ್ಕಾರಕ್ಕಲ್ಲ. ಸಾರಿಗೆ ನಿಗಮಕ್ಕೆ ಆ ದುಡ್ಡು ತುಂಬಿಕೊಡಬೇಕಲ್ಲ. ಯಾರ ಕಣ್ಣಿನಿಂದ ಲೆಕ್ಕ ಹಾಕಿದ್ದೀರಿ ಎಂದು ಮೊದಲ ಸಾಲಿನಲ್ಲೇ ಬರೆಯದ ವರದಿಯನ್ನು ನಂಬುವುದು ಕಷ್ಟ.

ಗೆರೆಯೊಳಗೆ ಬಂತು ಎಂದಾಕ್ಷಣ ಖಜಾನೆಯಲ್ಲಿ ದುಡ್ಡಿದೆ ಎಂದೂ ಅಲ್ಲ. ಒಬ್ಬರಿಗೆ 1,50,000 ಹೆಚ್ಚಿಗೆ ಬೇಕಾದರೆ ಸಾವಿರ ಜನಕ್ಕೆ 15 ಕೋಟಿ. ಅದು ಬಜೆಟ್ ಹೊರೆಯ ಲೆಕ್ಕ, ಬೇರೆಯೇ ಹಾಳೆಯಲ್ಲಿ ಮಾಡಬೇಕು. ‘ಉಳಿತಾಯ’ವೂ ಬೇರೆ ಪದವೇ. ಬಹುಪಾಲು ವೆಚ್ಚ ಪರಿಣಾಮಕಾರಿ ಕ್ರಮಗಳು ದುಡ್ಡು ಉಳಿಸುವುದಿಲ್ಲ, ಖರ್ಚನ್ನು ಹೆಚ್ಚಿಸುತ್ತವೆ.

ಅತಿ ಹೆಚ್ಚು ಕೆಡುವುದು ಆರೈಕೆಯ ಲೆಕ್ಕ. ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ಮಲೆನಾಡಿನಲ್ಲಿ, ಪಾರ್ಶ್ವವಾಯು ಹೊಡೆದವರನ್ನು ಬೇಗ ಡಿಸ್ಚಾರ್ಜ್ ಮಾಡಿ ‘ಮನೆ ಆರೈಕೆ ವೆಚ್ಚ ಪರಿಣಾಮಕಾರಿ’ ಎಂದರೆ ಹಾಸಿಗೆಯ ಖರ್ಚು ಸೊಸೆಯ ಹೆಗಲಿಗೆ ದಾಟಿತು ಎಂದಷ್ಟೇ ಅರ್ಥವಾಗಬಹುದು. ಅವಳ ದುಡಿಮೆಗೆ ಬೆಲೆ ಕಟ್ಟಲು ಎರಡು ದಾರಿಗಳಿವೆ: ಆ ಹೊತ್ತಿನಲ್ಲಿ ಅವಳು ಗಳಿಸಬಹುದಾಗಿದ್ದ ಕೂಲಿ, ಇಲ್ಲವೇ ಅದೇ ಕೆಲಸಕ್ಕೆ ಆಳಿಟ್ಟರೆ ಕೊಡಬೇಕಾದ ಸಂಬಳ. ಮೊದಲನೆಯದರಲ್ಲಿ ಎಸ್ಟೇಟ್ ಕೆಲಸದವಳ ಆರೈಕೆ ಬ್ಯಾಂಕ್ ನೌಕರಳ ಆರೈಕೆಗಿಂತ ಅಗ್ಗವಾಗಿ ಕಾಣುತ್ತದೆ, ರಾತ್ರಿ ಎದ್ದು ಮಗ್ಗುಲು ಹೊರಳಿಸುವ ಕೆಲಸ ಒಂದೇ ಆದರೂ. ಆದ್ದರಿಂದ ಎರಡನೆಯದು ಮೇಲು ಎಂದು ನನ್ನ ಅಭಿಪ್ರಾಯ. ಎರಡನ್ನೂ ಬಿಟ್ಟು ಸೊನ್ನೆ ಬರೆಯುವುದು ರೂಢಿ.