ವಿಸ್ತೀರ್ಣಕ್ಕೆ ತಕ್ಕ ಆಕಾರ: ಲೂಪ್ ಎಲ್ಲಿ ಬೇಕು?

ಇಲಸ್ಟ್ರೇಟರ್‌ನಂಥ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಒಂದು ಆಕಾರದ ವಿಸ್ತೀರ್ಣ ಇಷ್ಟೇ ಇರಬೇಕು ಅಂದಾಗ ಹೆಚ್ಚಿನವರು ಬರೆಯುವ ಸ್ಕ್ರಿಪ್ಟ್ (ತಂತ್ರಾಂಶಕ್ಕೆ ಕೊಡುವ ಆದೇಶಗಳ ಪಟ್ಟಿ) ಹೀಗಿರುತ್ತದೆ: ಶೇಕಡಾ 1 ಹಿಗ್ಗಿಸು, ಅಳೆ, ಸಾಲದಿದ್ದರೆ ಮತ್ತೆ ಹಿಗ್ಗಿಸು. ಹೀಗೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಲೂಪ್ ನಿಧಾನ, ನಿಖರವೂ ಅಲ್ಲ. ಅಳತೆ ಶೇಕಡಾ 1 ಬೆಳೆದರೆ ವಿಸ್ತೀರ್ಣ ಸುಮಾರು ಶೇಕಡಾ 2 ಬೆಳೆಯುತ್ತದೆ. ಗುರಿ ಆ ಎರಡು ಹೆಜ್ಜೆಗಳ ನಡುವೆ ಇದ್ದರೆ ಸಿಗುವುದೇ ಇಲ್ಲ.

ಇಡೀ ಆಕಾರ ಒಂದೇ ಸಮನೆ ಹಿಗ್ಗುವುದಾದರೆ ಲೂಪ್ ಬೇಡವೇ ಬೇಡ. ಬೇಕಾದ ವಿಸ್ತೀರ್ಣವನ್ನು ಈಗಿನ ವಿಸ್ತೀರ್ಣದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಅಷ್ಟು ಪಟ್ಟು ಹಿಗ್ಗಿಸಿದರೆ ಮುಗಿಯಿತು.

ಆಕಾರದ ಒಂದು ಭಾಗ ಹಿಗ್ಗದೆ ಉಳಿದಾಗ ಲೂಪ್ ಬೇಕಾಗುತ್ತದೆ. 40 ಮಿ.ಮೀ. ಉದ್ದ, 30 ಮಿ.ಮೀ. ಅಗಲದ ಆಯತ ತಗೊಳ್ಳಿ. ಅದರ ಮೂಲೆಗಳ ತ್ರಿಜ್ಯ 5 ಮಿ.ಮೀ., ಅದು ಬದಲಾಗಬಾರದು. ಈಗಿನ ವಿಸ್ತೀರ್ಣ 1178.54 ಚದರ ಮಿ.ಮೀ., ಬೇಕಾದ್ದು 2000. ವರ್ಗಮೂಲದ ಲೆಕ್ಕದಂತೆ ಹಿಗ್ಗಿಸಿದರೆ 2014.96 ಬರುತ್ತದೆ. ಮೂಲೆ ಹಾಗೇ ಉಳಿದದ್ದರಿಂದ ಸ್ವಲ್ಪ ಜಾಸ್ತಿಯಾಯಿತು. ಈ ಹೊಸ ವಿಸ್ತೀರ್ಣ ಹಿಡಿದು ಅದೇ ಲೆಕ್ಕ ಮತ್ತೆ ಮಾಡಿ: 1999.84. ಇನ್ನೊಮ್ಮೆ: 2000.00. ಮೂರೇ ಸುತ್ತು! ಪ್ರತಿ ಸುತ್ತಿನಲ್ಲೂ ತಪ್ಪು ಎಷ್ಟು ಬೇಗ ಕರಗುತ್ತದೆ ನೋಡಿ. ಇದು ನನಗೆ ತುಂಬಾ ಇಷ್ಟದ ವಿಧಾನ.

ಅಂಚನ್ನು ಎಲ್ಲ ಕಡೆ ಸಮನಾಗಿ ಹೊರಗೆ ತಳ್ಳುವ ಆಫ್‌ಸೆಟ್ ಕೆಲಸಕ್ಕೆ ವರ್ಗಮೂಲ ಹೊಂದುವುದಿಲ್ಲ. ಅಲ್ಲಿ ಸುತ್ತಳತೆ ಬಳಸಿ. ಅಂಚು ಸ್ವಲ್ಪ ಹೊರಗೆ ಸರಿದಾಗ ಸೇರುವ ಜಾಗ ಹೆಚ್ಚುಕಡಿಮೆ ಸುತ್ತಳತೆ ಗುಣಿಸು ಸರಿದ ದೂರ, ಅಲ್ವಾ? ಹಾಗಾದರೆ ಕೊರತೆಯನ್ನು ಸುತ್ತಳತೆಯಿಂದ ಭಾಗಿಸಿದರೆ ಮುಂದಿನ ಹೆಜ್ಜೆ ಸಿಗುತ್ತದೆ. ಪ್ರತಿ ಸುತ್ತಿನಲ್ಲೂ ಸುತ್ತಳತೆಯನ್ನು ಹೊಸದಾಗಿ ಅಳೆಯಬೇಕು.

ಇಷ್ಟೆಲ್ಲ ಮಾಡಿದರೂ ಅಳತೆಯೇ ತಪ್ಪಿದ್ದರೆ ಪ್ರಯೋಜನವಿಲ್ಲ. ಇಲಸ್ಟ್ರೇಟರ್ ಸ್ಕ್ರಿಪ್ಟ್‌ನಲ್ಲಿ ವಿಸ್ತೀರ್ಣ ಬರುವುದು ಚದರ ಪಾಯಿಂಟ್‌ಗಳಲ್ಲಿ. ಒಂದು ಇಂಚಿಗೆ 72 ಪಾಯಿಂಟ್. ಪಾತ್ (ಆಕಾರದ ಅಂಚಿನ ಗೆರೆ) ಸುತ್ತುವ ದಿಕ್ಕಿನ ಮೇಲೆ ಉತ್ತರ ಋಣ ಸಂಖ್ಯೆಯೂ ಆಗಬಹುದು, ವರ್ಗಮೂಲ ಅಲ್ಲೇ ಕೈಕೊಡುತ್ತದೆ. ತನ್ನನ್ನೇ ಅಡ್ಡ ಹಾಯುವ ಪಾತ್ ಇನ್ನೂ ಕಷ್ಟ. ಇಂಗ್ಲಿಷಿನ 8ರ ಆಕಾರದ ಎರಡು ಕುಣಿಕೆಗಳು ಒಂದನ್ನೊಂದು ಕಳೆದು ಸೊನ್ನೆ ಬರಬಹುದು. ಅಂಥದ್ದನ್ನು ಮೊದಲೇ ಬೇರೆ ಬೇರೆ ಮಾಡಿಕೊಳ್ಳಿ.

ಎಷ್ಟು ವ್ಯತ್ಯಾಸ ಸಾಕು ಎಂದು ಮುಂಚೆಯೇ ನಿರ್ಧರಿಸಿ. ಸರಿಸಮ ಬರುವವರೆಗೆ ಅಂತ ಬರೆದರೆ ದಶಮಾಂಶದ ಕೊನೆಯ ಅಂಕಿಗಾಗಿ ಲೂಪ್ ಸುಮ್ನೆ ತಿರುಗುತ್ತಲೇ ಇರಬಹುದು. 50 ಸುತ್ತಿನ ಮಿತಿಯನ್ನೂ ಹಾಕಿ. ಪ್ರತಿ ಸುತ್ತಿನಲ್ಲೂ ಈವರೆಗಿನ ಪಟ್ಟುಗಳನ್ನೆಲ್ಲ ಗುಣಿಸಿ (ಆಫ್‌ಸೆಟ್ ಆದರೆ ದೂರಗಳನ್ನು ಕೂಡಿಸಿ), ಮೂಲ ಆಕಾರದ ಹೊಸ ಪ್ರತಿಯನ್ನೇ ಅಷ್ಟು ಹಿಗ್ಗಿಸಿ. ಹಿಗ್ಗಿಸಿದ್ದನ್ನೇ ಮತ್ತೆ ಹಿಗ್ಗಿಸುತ್ತಾ ಹೋದರೆ ಸಣ್ಣ ಸಣ್ಣ ತಪ್ಪುಗಳು ಬಿಂದುಗಳಲ್ಲಿ ಸೇರಿಕೊಳ್ಳುತ್ತವೆ.