ಕತ್ತು ಸಿಕ್ಕಿದೆ, ಟ್ಯಾಪ್ ಮಾತ್ರ ಬರುತ್ತಿಲ್ಲ. ಯಾಕೆ?

ಪ್ರಶ್ನೆ: ಹಿಡಿತ, ಬೀಗಗಳಿಂದ ಎದುರಾಳಿಯನ್ನು ಸೋಲಿಸುವ ಜಿಯು ಜಿತ್ಸು ಕಲಿಯಲು ಶುರುಮಾಡಿ ಎಂಟು ತಿಂಗಳಾಯಿತು. ಎದುರಾಳಿಯ ಬೆನ್ನಿಗೆ ಅಂಟಿಕೊಂಡು, ಹಿಂದಿನಿಂದ ತೋಳಲ್ಲಿ ಕತ್ತು ಸುತ್ತುವ ರಿಯರ್ ನೇಕೆಡ್ ಚೋಕ್ ಹಾಕುವವರೆಗೂ ಹೇಗೋ ಬರುತ್ತೇನೆ. ಆಮೇಲೆ ಇರುವ ಬಲವನ್ನೆಲ್ಲ ಹಾಕಿ ಅದುಮಿದರೂ ಅವನು ಟ್ಯಾಪ್ ಮಾಡದೆ, ಅಂದರೆ ಸೋತೆನೆಂದು ಕೈ ತಟ್ಟದೆ, ಅರ್ಧ ನಿಮಿಷ ಹಾಗೇ ಕೂತಿರುತ್ತಾನೆ, ನನ್ನ ತೋಳೇ ಸೋತುಬಿಡುತ್ತದೆ. ಜಿಮ್‌ಗೆ ಹೋಗಿ ತೋಳು ಬೆಳೆಸಬೇಕೇ?

ಬೇಡ. ನೀವು ಹೇಳಿದ ಆ ಅರ್ಧ ನಿಮಿಷದಲ್ಲೇ ಉತ್ತರ ಇದೆ. ಕತ್ತಿನ ಎರಡು ಬದಿಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳಗಳಿವೆ. ಎರಡೂ ಒಟ್ಟಿಗೆ ಸರಿಯಾಗಿ ಮುಚ್ಚಿದರೆ ಸುಮಾರು 10 ಸೆಕೆಂಡಿನೊಳಗೆ ಮನುಷ್ಯನಿಗೆ ಪ್ರಜ್ಞೆ ತಪ್ಪುತ್ತದೆ. ಮೂವತ್ತು ಸೆಕೆಂಡ್ ಅದುಮಿದರೂ ಅವನು ಆರಾಮಾಗಿದ್ದಾನೆ ಅಂದರೆ ನಿಮ್ಮ ಬಲ ಸಾಲದೆ ಅಲ್ಲ, ಬಲ ಬೇರೆಲ್ಲೋ ಸೋರಿಹೋಗುತ್ತಿದೆ.

ಉಸಿರು ಕಟ್ಟಿಸುವುದೇ ಚೋಕ್ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ನಾನೂ ಅಂದುಕೊಂಡಿದ್ದೆ. ಮೊದಲ ವರ್ಷ ಒಂದು ದಿನ ಕೋಚ್ ನನ್ನ ಮುಂದೆ ಬೆನ್ನು ಕೊಟ್ಟು ಕೂತು, ‘ಹಾಕು ನೋಡೋಣ’ ಅಂದರು. ಹಲ್ಲು ಕಚ್ಚಿ ಅದುಮಿದೆ. ಅವರು ಅದೇ ಸ್ಥಿತಿಯಲ್ಲಿ, ಸ್ವಲ್ಪ ಗೊಗ್ಗರು ದನಿಯಲ್ಲಿ, ‘ಊಟ ಆಯ್ತಾ?’ ಅಂತ ಕೇಳಿದರು. ಆಮೇಲೆ ಜಾಗ ಅದಲುಬದಲು ಮಾಡಿದರು. ನನಗೆ ನೋವೇ ಆಗಲಿಲ್ಲ. ಗಂಟಲ ಮೇಲೆ ಒತ್ತಡವೂ ಇಲ್ಲ. ಕಿವಿಯಲ್ಲಿ ದೂರದ ಜಲಪಾತದಂಥ ಸದ್ದು, ಕಣ್ಣಂಚಲ್ಲಿ ಕತ್ತಲೆ. ಅವರ ತೊಡೆ ತಟ್ಟಿದ್ದು ನೆನಪಿದೆ. ಅವರ ತೋಳು ಮುಟ್ಟಿ ನೋಡಿದರೆ ಹೆಚ್ಚು ಬಿಗಿದಿರಲೂ ಇಲ್ಲ.

ವ್ಯತ್ಯಾಸ ಇದ್ದದ್ದು ಮೊಣಕೈ ಎಲ್ಲಿ ಕೂತಿದೆ ಎಂಬುದರಲ್ಲಿ. ನನ್ನ ಮುಂಗೈ ಮೂಳೆ ಅವರ ಗಂಟಲ ಗಂಟಿನ ಮೇಲೆ ಅಡ್ಡ ಬಿದ್ದಿತ್ತು. ಅವರ ಮೊಣಕೈಯ ಮಡಿಕೆ ಸರಿಯಾಗಿ ನನ್ನ ಗಲ್ಲದ ಕೆಳಗೆ ಇತ್ತು, ಮೊಣಕೈ ತುದಿ ನನ್ನ ಎದೆಯ ನಡುಭಾಗಕ್ಕೆ ನೇರ ಇಳಿದಿತ್ತು. ಹಾಗೆ ಕೂತಾಗ ಒಂದು ಬದಿಯ ನಾಳವನ್ನು ತೋಳಿನ ಮಾಂಸಖಂಡ ಒತ್ತುತ್ತದೆ, ಇನ್ನೊಂದು ಬದಿಯದನ್ನು ಮುಂಗೈ ಒತ್ತುತ್ತದೆ, ನಡುವಿನ ಶ್ವಾಸನಾಳ ಮಡಿಕೆಯ ಸಂದಿಯಲ್ಲಿ ಉಳಿದುಕೊಳ್ಳುತ್ತದೆ. ಆದ್ದರಿಂದ ಚೋಕ್ ಕೈಯಿಂದ ನಿಮ್ಮ ಇನ್ನೊಂದು ತೋಳನ್ನು ಹಿಡಿದು ಬೀಗ ಹಾಕುವ ಆತುರ ಬಿಡಿ. ಚೋಕ್ ಹಾಕುವ ಕೈಯ ಬೆರಳು ಮೊದಲು ಅವನ ಆಚೆ ಭುಜದ ಹಿಂಭಾಗ ಮುಟ್ಟಲಿ. ಅಷ್ಟು ಆಳ ಸಿಗದೆ ಹಾಕಿದ ಬೀಗದಿಂದ ನಿಮ್ಮ ತೋಳೇ ದಣಿಯುವುದು.

ಎರಡನೆಯ ಕೈಯದು ಇನ್ನೊಂದು ಕತೆ. ಹೊಸಬರು ಅಂಗೈಯನ್ನು ಅವನ ತಲೆಯ ಮೇಲಿಟ್ಟು ಮುಂದಕ್ಕೆ ತಳ್ಳುತ್ತಾರೆ. ಅವನಿಗೆ ಬೆರಳು ಸಿಕ್ಕರೆ ಕಿತ್ತುಹಾಕುತ್ತಾನೆ. ಹಸ್ತದ ಅಂಚನ್ನು ಮುಂದುಮಾಡಿ, ಅವನ ಹಿಂದಲೆಗೂ ನಿಮ್ಮ ಭುಜಕ್ಕೂ ನಡುವಿನ ಸಂದಿಯಲ್ಲಿ ಜಾರಿಸಿ. ಆಮೇಲೆ ನಿಮ್ಮ ಕೆನ್ನೆಯನ್ನು ಅವನ ತಲೆಗೆ ಅಂಟಿಸಿ. ಈಗ ಆ ಕೈ ಎರಡು ತಲೆಗಳ ನಡುವೆ ಹುದುಗಿಹೋಯಿತು, ಕೀಳಲು ಅವನಿಗೆ ಏನೂ ಸಿಗುವುದಿಲ್ಲ.

ಕೊನೆಯದು ಮುಗಿಸುವ ಕೆಲಸ. ಬಾವಿಯಿಂದ ಕೊಡ ಸೇದುವವರನ್ನು ನೋಡಿದ್ದೀರಲ್ಲ, ಬರೀ ತೋಳಲ್ಲಿ ಸೇದಿದರೆ ನಾಲ್ಕನೇ ಕೊಡಕ್ಕೆ ಕೈ ಸೋಲುತ್ತದೆ, ಬೆನ್ನು ಜೊತೆಗೆ ಬರಬೇಕು. ಇಲ್ಲೂ ಹಾಗೆಯೇ. ಎರಡೂ ಮೊಣಕೈಗಳನ್ನು ಒಂದಕ್ಕೊಂದು ಹತ್ತಿರ ತಂದು ನಿಮ್ಮ ಪಕ್ಕೆಲುಬಿನ ಕಡೆಗೆ ಇಳಿಸಿ, ಭುಜದ ಮೂಳೆಗಳನ್ನು ಹಿಂದಕ್ಕೆ ಸೆಳೆಯಿರಿ, ಆಳವಾಗಿ ಉಸಿರೆಳೆದು ಎದೆ ಉಬ್ಬಿಸಿ. ಮುಂದೆ ತೋಳು, ಹಿಂದೆ ಎದೆ, ನಡುವೆ ಕತ್ತು. ನೀವು ಹಿಸುಕುತ್ತಿಲ್ಲ, ಜಾಗ ಮುಚ್ಚುತ್ತಿದ್ದೀರಿ. ಅವನ ತೊಡೆಗಳಿಗೆ ಸಿಕ್ಕಿಸಿದ ನಿಮ್ಮ ಕಾಲುಗಳ ಕೊಕ್ಕೆ ಸಡಿಲವಾಗಿ ಅವನ ಸೊಂಟ ಕೆಳಗೆ ಜಾರಿದರೆ ಮೇಲಿನದೆಲ್ಲ ವ್ಯರ್ಥ, ಅದನ್ನೂ ಹೇಳಿಬಿಡುತ್ತೇನೆ.

‘ಅವನು ಗಲ್ಲ ಕೆಳಗಿಟ್ಟುಬಿಟ್ಟರೆ?’ ಎಂಬುದು ನಿಮ್ಮ ಮುಂದಿನ ಪ್ರಶ್ನೆ ಅಂತ ಗೊತ್ತು. ದವಡೆಯ ಮೇಲೆಯೇ ಅದುಮಿ ಗೆಲ್ಲಬಹುದು. 2018ರ ಅಕ್ಟೋಬರ್‌ನಲ್ಲಿ ಮಿಶ್ರ ಸಮರಕಲೆಯ (ಎಂಎಂಎ) ಪಂದ್ಯವೊಂದರಲ್ಲಿ ಕಬೀಬ್ ನುರ್ಮಗೊಮೆಡೊವ್ ನಾಲ್ಕನೇ ಸುತ್ತಿನಲ್ಲಿ ಕಾನರ್ ಮೆಕ್‌ಗ್ರೆಗರ್‌ನನ್ನು ಸೋಲಿಸಿದ್ದು ಹಾಗೆಯೇ, ದಾಖಲೆಯಲ್ಲಿ ಅದು ಚೋಕ್ ಅಲ್ಲ, ನೆಕ್ ಕ್ರ್ಯಾಂಕ್. ಅಲ್ಲಿ ರಕ್ತ ನಿಲ್ಲುವುದಕ್ಕಿಂತ ದವಡೆ ಮತ್ತು ಕತ್ತಿನ ಮೂಳೆಗಳಿಗೆ ನೋವು ಕೊಡುವುದೇ ಮುಖ್ಯ. ಬಿರುದಿನ ಕಾಳಗದಲ್ಲಿ ಸರಿ. ನಾಳೆ ಬೆಳಿಗ್ಗೆ ಆಫೀಸಿಗೆ ಹೋಗಬೇಕಾದ ಜೊತೆಗಾರನ ದವಡೆಯ ಮೇಲೆ ಅದು ಅಸಭ್ಯತನ ಅಂತಲೇ ನನ್ನ ಅಭಿಪ್ರಾಯ. ಬದಲಿಗೆ ಅವನ ಕೈಗಳ ಜೊತೆ ಜಗಳ ಮುಂದುವರಿಸಿ. ಕೈ ಬಿಡಿಸಲು ಅವನು ಮೇಲೆ ನೋಡಿದ ಕ್ಷಣ ಗಲ್ಲ ಎದ್ದೇ ಏಳುತ್ತದೆ. ಎರಡನೆಯ ಕೈ ತಲೆಯ ಹಿಂದೆ ಹೋಗಲು ಬಿಡದಿದ್ದರೆ ಎರಡು ಅಂಗೈಗಳನ್ನು ಒಂದಕ್ಕೊಂದು ಕೂಡಿಸಿ ಹಿಡಿದು, ಹಿಂದಿನಿಂದ ಎದೆ ಒತ್ತಿಯೂ ಮುಗಿಸಬಹುದು. ಅದು ಹೆಚ್ಚು ಬಲ ಕೇಳುತ್ತದೆ, ಅಷ್ಟೇ.

ಜೂಡೋದಲ್ಲಿ ಇದೇ ಪಟ್ಟನ್ನು ಹದಾಕಾ ಜಿಮೆ ಎನ್ನುತ್ತಾರೆ, ಬರಿಗೈ ಚೋಕ್ ಎಂಬರ್ಥದಲ್ಲಿ. ಬಟ್ಟೆಯ ಕಾಲರ್ ಬೇಕಾಗದ್ದರಿಂದ ಆ ಹೆಸರು. ಬ್ರೆಜಿಲ್‌ನವರು ಪೋರ್ಚುಗೀಸ್‌ನಲ್ಲಿ ಸಿಂಹ ಕೊಲ್ಲುವ ಪಟ್ಟು ಅಂತ ಕರೆಯುತ್ತಾರೆ. ಗರಡಿಯಿಂದ ಬಂದವರು ನನ್ನ ಜೊತೆ ಕಲಿಯುವಾಗ ಮೊದಮೊದಲು ಕತ್ತಿಗೆ ಕೈ ಹಾಕಲೇ ಹಿಂಜರಿಯುತ್ತಿದ್ದರು. ಕುಸ್ತಿಯಲ್ಲಿ ಗಂಟಲು ಅದುಮುವಂತಿಲ್ಲವಲ್ಲ.

ಒಂದು ವಿಷಯ ಬಾಕಿ ಇದೆ. ಚೋಕ್ ಸರಿಯಾಗಿ ಕೂರಲು ಶುರುವಾದ ಮೇಲೆ ಟ್ಯಾಪ್ ಬರುತ್ತದೆಂದು ಕಾಯುತ್ತ ಕೂರಬೇಡಿ. 2016ರ ಮಾರ್ಚ್‌ನಲ್ಲಿ ಇನ್ನೊಂದು ಎಂಎಂಎ ಪಂದ್ಯದ ಐದನೇ ಸುತ್ತಿನಲ್ಲಿ ಮೀಶಾ ಟೇಟ್ ತನ್ನ ಎದುರಾಳಿ ಹಾಲಿ ಹೋಮ್‌ಳ ಬೆನ್ನಿಗೆ ಅಂಟಿಕೊಂಡು ಇದೇ ಚೋಕ್ ಹಾಕಿದಳು. ಹೋಮ್ ಟ್ಯಾಪ್ ಮಾಡಲೇ ಇಲ್ಲ, ಗಾಳಿಯಲ್ಲಿ ಗುದ್ದುತ್ತಾ ಗುದ್ದುತ್ತಾ ಪ್ರಜ್ಞೆ ತಪ್ಪಿದಳು. ಅಲ್ಲಿ ರೆಫರಿ ಇದ್ದ. ನಿಮ್ಮ ಚಾಪೆಯ ಮೇಲೆ ರೆಫರಿ ಇಲ್ಲ, ಬೆನ್ನ ಹಿಂದಿರುವ ನಿಮಗೆ ಅವನ ಮುಖವೂ ಕಾಣುವುದಿಲ್ಲ. ಅವನ ಕೈ ಹಿಡಿತ ಇದ್ದಕ್ಕಿದ್ದಂತೆ ಸಡಿಲವಾದರೆ, ಗೊರಕೆಯಂಥ ಸದ್ದು ಬಂದರೆ, ತಕ್ಷಣ ಬಿಟ್ಟು ಮಲಗಿಸಿ. ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಎದ್ದು ‘ಏನಾಯ್ತು?’ ಅಂತ ನಿಮ್ಮನ್ನೇ ಕೇಳುತ್ತಾನೆ. ಎಚ್ಚರ ತಡವಾದರೆ, ಮಾತು ತೊದಲಿದರೆ, ಒಂದು ಬದಿ ಕೈಕಾಲು ಸೋತಂತಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಕತ್ತಿನ ನಾಳದ ಒಳಪದರ ಹರಿಯುವುದು ಅಪರೂಪ, ಆದರೆ ಆಗಿದ್ದಿದೆ. ಎದ್ದವನು ‘ಇನ್ನೊಂದು ರೌಂಡ್’ ಅಂದರೂ ಅವತ್ತಿಗೆ ಅವನಿಗೆ ಆಟ ಮುಗಿಯಿತು, ಚಾಪೆಯ ಪಕ್ಕ ಕೂರಿಸಿ.