ಗಿಡ ಸವರುವ ಕೆಲಸಕ್ಕೆ ಎಂಥ ಬೂಟು ಬೇಕು?

ಕಳೆ ಕೊಚ್ಚುವ ಯಂತ್ರದ ನೈಲಾನ್ ದಾರವನ್ನು ಕೈಯಲ್ಲಿ ಹಿಡಿದರೆ ಅದರಿಂದ ಯಾರಿಗೂ ಏನೂ ಆಗದು ಅನ್ನಿಸುತ್ತದೆ. ಎರಡು ಮೂರು ಮಿಲಿಮೀಟರ್ ದಪ್ಪ, ಬೆರಳಿಗೆ ಸುತ್ತಿಕೊಳ್ಳುವಷ್ಟು ಮೆತು. ಅದೇ ದಾರ ನಿಮಿಷಕ್ಕೆ 6,000 ಸುತ್ತು ತಿರುಗತೊಡಗಿದರೆ ಲೆಕ್ಕವೇ ಬೇರೆ. ಯಂತ್ರದ ತಲೆಯ ನಡುವಿನಿಂದ ದಾರದ ತುದಿಗೆ 20 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಒಂದು ಸುತ್ತಿಗೆ ತುದಿ ಸುಮಾರು 1.26 ಮೀಟರ್ ಸಾಗುತ್ತದೆ, ಸೆಕೆಂಡಿಗೆ 100 ಸುತ್ತು ಹಾಕುತ್ತದೆ. ಅಂದರೆ ಅದರ ವೇಗ ಸೆಕೆಂಡಿಗೆ ಸುಮಾರು 125 ಮೀಟರ್, ಗಂಟೆಗೆ 450 ಕಿಲೋಮೀಟರ್. ಹುಲ್ಲಿನ ಮರೆಯಲ್ಲಿರುವ ಹರಳುಕಲ್ಲಿಗೆ ಅದು ತಗುಲಿದರೆ ಕಲ್ಲು ಎತ್ತ ಹಾರೀತು ಎಂದು ಹೇಳುವುದು ಕಷ್ಟ. ಅದಕ್ಕೇ ಈ ಯಂತ್ರಗಳ ಕೈಪಿಡಿಗಳು ಸುತ್ತಮುತ್ತಲಿನವರನ್ನು 15 ಮೀಟರ್ ಆಚೆ ನಿಲ್ಲಿಸಿ ಎನ್ನುತ್ತವೆ. ಯಂತ್ರ ಹಿಡಿದವರ ಕಾಲು ಮಾತ್ರ ಒಂದೆರಡು ಮೀಟರಿನೊಳಗೇ ಇರುತ್ತದೆ.

ಹತ್ತು ಗ್ರಾಮಿನ ಕಲ್ಲು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬಂದರೆ ಅದರಲ್ಲಿರುವ ಶಕ್ತಿ 12.5 ಜೂಲ್. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗಿ 50 ಜೂಲ್‌ಗೆ ಏರುತ್ತದೆ. ಈ ಕಲ್ಲು ಬಂದು ಬಡಿಯುವುದು ಬಹುಪಾಲು ಮೊಣಕಾಲಿನ ಕೆಳಗೆ, ಚರ್ಮದಡಿಯಲ್ಲಿ ಮಾಂಸದ ಮೆತ್ತೆಯೇ ಇಲ್ಲದೆ ಮೂಳೆ ಕೈಗೆ ಸಿಗುವ ಜಾಗಕ್ಕೆ. ಆದರೆ ತೋಟದ ಕೆಲಸಕ್ಕೆಂದು ಸುರಕ್ಷಾ ಬೂಟು ಕೊಳ್ಳುವವರು ಮೊದಲು ಕೇಳುವುದು "ಮುಂದೆ ಸ್ಟೀಲ್ ಇದೆಯಾ?" ಎಂದು. ಪ್ರಶ್ನೆ ತಪ್ಪಲ್ಲ, ಆದರೆ ಅಷ್ಟೇ ಸಾಲದು. ಬೂಟಿನ ನಾಲಗೆಯ ಮೇಲಿನ ಮುದ್ರೆ ಅದು ಯಾವ ಪರೀಕ್ಷೆ ಪಾಸು ಮಾಡಿದೆ ಎಂದು ಹೇಳುತ್ತದೆ. ನಿಮ್ಮ ತೋಟ ಒಡ್ಡುವ ಪರೀಕ್ಷೆಯೂ ಅದೇ ಹೌದೋ ಅಲ್ಲವೋ ಎಂಬುದನ್ನು ಕೊಳ್ಳುವವರೇ ನೋಡಿಕೊಳ್ಳಬೇಕು.

ಹಾಗಾದರೆ ಆ ಮುದ್ರೆಯಲ್ಲಿ ಏನಿದೆ? ಜಗತ್ತಿನ ಹೆಚ್ಚಿನ ಕಡೆ ಆಧಾರವಾಗಿಟ್ಟುಕೊಂಡಿರುವುದು ಐಎಸ್‌ಒ 20345 ಎಂಬ ಮಾನದಂಡ. ಅದರ ಪ್ರಕಾರ ಬೆರಳುಗಳ ಮೇಲಿನ ಟೊಪ್ಪಿಗೆ 200 ಜೂಲ್ ಹೊಡೆತ ತಡೆಯಬೇಕು. ಅಂದರೆ 20 ಕಿಲೋ ತೂಕ ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದಂತೆ. ಹೊಡೆತ ಬಿದ್ದ ಮೇಲೂ ಒಳಗೆ ಬೆರಳಿಗೆ ಜಾಗ ಉಳಿದಿರಬೇಕು. 42ನೇ ಅಳತೆಯ ಬೂಟಿನಲ್ಲಿ ಅದು ಕನಿಷ್ಠ 14 ಮಿಲಿಮೀಟರ್. ನಿಧಾನವಾಗಿ ಹೇರುವ ಭಾರದ ಪರೀಕ್ಷೆ ಬೇರೆಯೇ ಇದೆ, ಅಲ್ಲಿ 15 ಕಿಲೋನ್ಯೂಟನ್, ಸುಮಾರು ಒಂದೂವರೆ ಟನ್ ತೂಕ. ಇದರ ತಮ್ಮನಂತಿರುವ ಐಎಸ್‌ಒ 20346 ಕೇಳುವುದು 100 ಜೂಲ್ ಮಾತ್ರ. ಐಎಸ್‌ಒ 20347ರಲ್ಲಂತೂ ಬೆರಳಿನ ಟೊಪ್ಪಿಗೆಯೇ ಕಡ್ಡಾಯವಲ್ಲ. ಅಂಗಡಿಯಲ್ಲಿ ಮೂರನ್ನೂ ಒಂದೇ ಸಾಲಿನಲ್ಲಿ ಜೋಡಿಸಿಟ್ಟಿರುತ್ತಾರೆ, ಕೊನೆಯ ಅಂಕಿ ನೋಡದಿದ್ದರೆ ವ್ಯತ್ಯಾಸ ತಿಳಿಯುವುದೇ ಇಲ್ಲ.

ತೋಟಕ್ಕೆ 200 ಜೂಲ್ ಧಾರಾಳವಾಯಿತು. ಐದು ಕಿಲೋ ತೂಗುವ ಕೊಂಬೆ ಎರಡು ಮೀಟರ್ ಎತ್ತರದಿಂದ ಕಾಲ ಮೇಲೆ ಬಿದ್ದರೆ ಸುಮಾರು 98 ಜೂಲ್ ಆಗುತ್ತದೆ. ಕೈಜಾರಿದ ಕತ್ತರಿ, ಮೊನೆ ಕೆಳಗಾಗಿ ಬಿದ್ದ ಗರಗಸ ಇದಕ್ಕಿಂತ ಎಷ್ಟೋ ಕಡಿಮೆ. ಸ್ಟೀಲ್ ಟೊಪ್ಪಿಗೆ ಬಗ್ಗಿದರೆ ಬೆರಳನ್ನೇ ಕತ್ತರಿಸಿಬಿಡುತ್ತದೆ ಎಂಬ ಭಯ ಹಲವರಲ್ಲಿದೆ. ಅದನ್ನು ಹಾಗೆ ಬಗ್ಗಿಸುವಷ್ಟು ಭಾರ ಬಿದ್ದಿದ್ದರೆ, ಟೊಪ್ಪಿಗೆ ಇಲ್ಲದ ಬೆರಳು ಮೊದಲೇ ಜಜ್ಜಿಹೋಗಿರುತ್ತಿತ್ತು. ಆ ಭಯಕ್ಕೆ ಸ್ಟೀಲ್ ಬಿಡಬೇಕಾಗಿಲ್ಲ. ಲೋಹದ ಬದಲು ನಾರು, ಪ್ಲಾಸ್ಟಿಕ್ ಬೆರೆಸಿ ಮಾಡಿದ ಕಾಂಪೋಸಿಟ್ ಟೊಪ್ಪಿಗೆಯೂ ಇದೇ ಪರೀಕ್ಷೆಗೆ ಒಳಗಾಗುತ್ತದೆ. ಅದು ಹಗುರ, ಬಿಸಿಲು ಚಳಿಗಳನ್ನು ಒಳಗೆ ದಾಟಿಸುವುದಿಲ್ಲ, ಆದರೆ ಅಷ್ಟೇ ಬಲಕ್ಕೆ ಸ್ವಲ್ಪ ದಪ್ಪವಾಗಿರಬೇಕಾಗುತ್ತದೆ. ಯಾವುದಾದರೂ ಸರಿ. ತಲೆ ಕೆಡಿಸಿಕೊಳ್ಳಬೇಕಾದ ಜಾಗ ಕೆಳಗಿದೆ, ಅಟ್ಟೆಯಲ್ಲಿ.

ಬೇಲಿ ಸವರಿದ ಮೇಲೆ ನೆಲ ನೋಡಿ. ಕತ್ತರಿಸಿದ ಮುಳ್ಳುಕಡ್ಡಿಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಓರೆಯಾಗಿ ಕತ್ತರಿಸಿದ ಸಣ್ಣ ಕೊಂಬೆಗಳು ಬುಡದಲ್ಲಿ ಗೂಟದಂತೆ ನಿಂತಿರುತ್ತವೆ. ಅರವತ್ತು ಕಿಲೋ ತೂಕದ ವ್ಯಕ್ತಿ ಒಂಟಿಕಾಲೂರಿದಾಗ ಸುಮಾರು 600 ನ್ಯೂಟನ್ ಬಲ ನೆಲಕ್ಕಿಳಿಯುತ್ತದೆ. ಇಡೀ ಅಟ್ಟೆಯ ಮೇಲೆ ಹಂಚಿಹೋದರೆ ಅದು ಲೆಕ್ಕಕ್ಕಿಲ್ಲ. ಅರ್ಧ ಮಿಲಿಮೀಟರ್ ಅಗಲದ ಮುಳ್ಳಿನ ಮೊನೆಯೊಂದೇ ಅದನ್ನೆಲ್ಲ ಹೊತ್ತರೆ ಅಲ್ಲಿನ ಒತ್ತಡ ವಾಯುಮಂಡಲದ ಒತ್ತಡದ 30,000 ಪಟ್ಟು ಆಗುತ್ತದೆ. ಮುಳ್ಳು ಅಷ್ಟನ್ನೂ ತಾಳದೆ ಮುರಿಯಬಹುದು, ಬಾಗಬಹುದು. ಆದರೆ ಮುರಿಯುವ ಮೊದಲೇ ಮೆತ್ತನೆಯ ರಬ್ಬರನ್ನು ದಾಟಿರುತ್ತದೆ.

ಇದನ್ನು ತಡೆಯಲೆಂದೇ ಅಟ್ಟೆಯೊಳಗೆ ಒಂದು ಪದರ ಇಡುತ್ತಾರೆ. ಹಳೆಯ ಪರೀಕ್ಷೆಯಲ್ಲಿ 4.5 ಮಿಲಿಮೀಟರ್ ದಪ್ಪದ ಮೊಳೆಯನ್ನು 1,100 ನ್ಯೂಟನ್ ಬಲದಿಂದ ಒತ್ತುತ್ತಿದ್ದರು. ಅದು ಕಟ್ಟಡದ ಕೆಲಸದ ಮೊಳೆ, ಮುಳ್ಳಿಗೆ ಹೋಲಿಸಿದರೆ ಬಲು ದಪ್ಪ. ಲೋಹದ ತಗಡಿಗೆ ಇದರಿಂದ ಏನೂ ತೊಂದರೆಯಿಲ್ಲ, ಸಣ್ಣ ಮೊನೆಯೂ ಅದನ್ನು ದಾಟದು. ಅರಾಮಿಡ್ ಎಂಬ ಗಟ್ಟಿ ಕೃತಕ ನಾರನ್ನು ಬಟ್ಟೆಯಂತೆ ನೇಯ್ದು ಮಾಡಿದ ಪದರದ ಮಾತು ಬೇರೆ. ದಪ್ಪ ಮೊಳೆ ಬಂದರೆ ಎಳೆಗಳು ಒಟ್ಟಾಗಿ ತಡೆಯುತ್ತವೆ, ಸಣ್ಣ ಮೊನೆ ಬಂದರೆ ಎಳೆಗಳ ನಡುವಿನ ಸಂದಿನಲ್ಲಿ ನುಸುಳಬಹುದು. ಈ ಕೊರತೆಯನ್ನು ಗಮನಿಸಿ ಮಾನದಂಡದ 2021ರ ಆವೃತ್ತಿ 3 ಮಿಲಿಮೀಟರ್ ಮೊಳೆಯ ಪರೀಕ್ಷೆಯನ್ನು ಸೇರಿಸಿತು. ಈಗ ಲೋಹದ ತಗಡಿದ್ದರೆ 'ಪಿ', ನೇಯ್ಗೆಯ ಪದರ ದಪ್ಪ ಮೊಳೆ ತಡೆದರೆ 'ಪಿಎಲ್', ಸಣ್ಣ ಮೊಳೆಯನ್ನೂ ತಡೆದರೆ 'ಪಿಎಸ್' ಎಂದು ಗುರುತು ಹಾಕುತ್ತಾರೆ. ಮುಳ್ಳುಬೇಲಿಯ ಕೆಲಸ ಹೆಚ್ಚಿದ್ದರೆ ನಾನು ಪಿ ಅಥವಾ ಪಿಎಸ್ ಬಿಟ್ಟು ಬೇರೆಯದನ್ನು ಸೂಚಿಸುವುದಿಲ್ಲ. ತಗಡಿಗೂ ಒಂದು ಕೊರತೆಯಿದೆ: ಹೊಲಿಗೆ, ಅಂಟಿಗೆ ಜಾಗ ಬೇಕಾದ್ದರಿಂದ ಅದು ಅಟ್ಟೆಯ ಅಂಚಿನವರೆಗೂ ಹೋಗುವುದಿಲ್ಲ. ನೇಯ್ಗೆಯ ಪದರ ಅಂಚಿನಿಂದ ಅಂಚಿಗೆ ಹರಡಿರುತ್ತದೆ, ನಡೆದಾಗ ಪಾದದ ಜೊತೆಗೇ ಬಾಗುತ್ತದೆ.

ಮುಳ್ಳು ಚುಚ್ಚಿದ್ದನ್ನು ಸಣ್ಣ ಗಾಯ ಎಂದು ಬಿಡುವವರೇ ಹೆಚ್ಚು. ನನಗೆ ತುಂಬ ಆತಂಕ ತರುವ ವಿಷಯ ಇದು. ಧನುರ್ವಾಯು ತರುವ ಕ್ಲಾಸ್ಟ್ರಿಡಿಯಂ ಟೆಟನಿ ಬ್ಯಾಕ್ಟೀರಿಯಾದ ಬೀಜಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಅವು ಮೊಳೆಯುವುದು ಆಮ್ಲಜನಕ ಇಲ್ಲದ ಕಡೆ. ಬಾಯಿ ಸಣ್ಣದಾಗಿ ಒಳಗೆ ಆಳವಾಗಿರುವ ಚುಚ್ಚುಗಾಯ ಅವುಗಳಿಗೆ ಹೇಳಿ ಮಾಡಿಸಿದ ಜಾಗ. ಮುಳ್ಳಿನ ಗಾಯದ ಮೂಲಕ ಸ್ಪೋರೋತ್ರಿಕ್ಸ್ ಎಂಬ ಶಿಲೀಂಧ್ರವೂ ಒಳಸೇರಿ, ಚರ್ಮದಡಿಯಲ್ಲಿ ಸಾಲಾಗಿ ಗಂಟುಗಳನ್ನು ಎಬ್ಬಿಸಬಲ್ಲದು. ಇನ್ನು ಸ್ಪಾಂಜಿನ ಅಟ್ಟೆಯ ಆಟದ ಶೂ ಹಾಕಿಕೊಂಡು ತೋಟಕ್ಕಿಳಿಯುವವರಿಗೆ ಒಂದು ಮಾತು. ಬೆವರು ಹೀರಿ ಸದಾ ತೇವವಾಗಿರುವ ಆ ಸ್ಪಾಂಜಿನಲ್ಲಿ ಸೂಡೊಮೊನಾಸ್ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಮೂಲಕ ಮೊಳೆಯೋ ಮುಳ್ಳೋ ಪಾದಕ್ಕೆ ಇಳಿದಾಗ ಬ್ಯಾಕ್ಟೀರಿಯಾವನ್ನೂ ಒಯ್ಯಬಹುದು, ಸೋಂಕು ಮೂಳೆಗೂ ತಗುಲಬಹುದು. ವೈದ್ಯರಿಗೆ ಇದು ಹೊಸತೇನಲ್ಲ. ಎಂಥ ಬೂಟು ಹಾಕಿದರೂ ಧನುರ್ವಾಯು ಲಸಿಕೆಯನ್ನು ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವುದನ್ನು ಬಿಡಬಾರದು.

ಜಾರುವಿಕೆಯ ಮುದ್ರೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಆ ಪರೀಕ್ಷೆ ನಡೆಯುವುದು ಸಾಬೂನಿನಂಥ ದ್ರಾವಣವನ್ನೋ ಗ್ಲಿಸರಿನ್ನನ್ನೋ ಸುರಿದ ಸೆರಾಮಿಕ್ ಹೆಂಚಿನ ಮೇಲೆ. ಅಡುಗೆಮನೆ, ಕಾರ್ಖಾನೆಗಳ ನೆಲಕ್ಕೆ ಅದು ಒಪ್ಪುತ್ತದೆ. ಒದ್ದೆ ಹುಲ್ಲಿನ ಮೇಲೆ ನಡೆಯುವುದೇ ಬೇರೆ. ಅಲ್ಲಿ ರಬ್ಬರ್ ಮತ್ತು ನೆಲದ ನಡುವೆ ಹುಲ್ಲಿನ ನುಣುಪಾದ ಎಲೆಗಳು ನೀರಿನೊಡನೆ ಹಾಸಿಕೊಂಡಿರುತ್ತವೆ, ಬರೀ ಘರ್ಷಣೆಯಿಂದ ಕಾಲು ನಿಲ್ಲದು. ಅಟ್ಟೆಯ ಹಲ್ಲುಗಳು ಹುಲ್ಲನ್ನು ಸೀಳಿ ಮಣ್ಣಿಗೆ ಕಚ್ಚಬೇಕು. ಆದ್ದರಿಂದ ಹಲ್ಲು ಆಳವಾಗಿರಲಿ, ಅದಕ್ಕಿಂತ ಮುಖ್ಯವಾಗಿ ಹಲ್ಲುಗಳ ನಡುವೆ ಅಗಲವಾದ ಜಾಗವಿರಲಿ. ಒತ್ತೊತ್ತಾಗಿ ಹಲ್ಲಿರುವ ಅಟ್ಟೆಗೆ ಜೇಡಿಮಣ್ಣು ಮೆತ್ತಿಕೊಂಡರೆ ಹತ್ತು ಹೆಜ್ಜೆಯೊಳಗೆ ಅದು ಸಪಾಟಾಗುತ್ತದೆ. ಅಗಲ ಸಂದಿರುವ ಅಟ್ಟೆ ಪ್ರತಿ ಹೆಜ್ಜೆಗೂ ಬಾಗುವಾಗ ಮಣ್ಣನ್ನು ತಾನೇ ಉದುರಿಸಿಕೊಳ್ಳುತ್ತದೆ. ಏಣಿ ಹತ್ತಿ ಕೊಂಬೆ ಸವರುವವರು ಹಿಮ್ಮಡಿಯ ಮುಂದಿನ ಮೆಟ್ಟಿಲನ್ನು ನೋಡಬೇಕು. ಅದು ಸ್ಪಷ್ಟವಾಗಿ ಎದ್ದಿದ್ದರೆ ಏಣಿಯ ಅಡ್ಡಪಟ್ಟಿಗೆ ಸಿಕ್ಕಿಕೊಂಡು ಕಾಲು ಮುಂದೆ ಜಾರದಂತೆ ಹಿಡಿಯುತ್ತದೆ. 2021ರ ಆವೃತ್ತಿಯಲ್ಲಿ ಇದಕ್ಕೆ 'ಎಲ್‌ಜಿ' ಎಂಬ ಗುರುತೂ ಬಂದಿದೆ. ಅಟ್ಟೆಯ ನಡುಭಾಗ ಗಟ್ಟಿಯಾಗಿದ್ದರೆ ಏಣಿಯ ಮೇಲೆ ಬಹಳ ಹೊತ್ತು ನಿಂತರೂ ಪಾದದ ಕಮಾನು ನೋಯುವುದಿಲ್ಲ.

ಮತ್ತೆ ಮೊಣಕಾಲಿನ ಕೆಳಭಾಗಕ್ಕೆ ಬರೋಣ. ಹಾರಿಬರುವ ಕಲ್ಲಿಗೆ ಯಾವ ಗಿಡ್ಡ ಬೂಟೂ ಉತ್ತರವಲ್ಲ. ಎತ್ತರದ ಬೂಟು ಬೇಕು, ಇಲ್ಲವೇ ಗಿಡ್ಡ ಬೂಟಿನ ಮೇಲೆ ಕಾಲಿಗೆ ಕಟ್ಟುವ ಗಟ್ಟಿ ಪ್ಲಾಸ್ಟಿಕ್ ಕವಚ ಬೇಕು. ಕವಚ ಅಗ್ಗ, ಬೇಡದಾಗ ಬಿಚ್ಚಿಡಬಹುದು, ಹಾಗಾಗಿ ಅದೇ ಮೇಲು ಎನ್ನುತ್ತೇನೆ. ಅದರಿಂದ ಇನ್ನೊಂದು ಉಪಯೋಗವೂ ಇದೆ. ದಾರ ಕೊಚ್ಚಿದ ಗಿಡದ ರಸ ತುಂತುರಾಗಿ ಕಾಲಿಗೆ ಎರಚುತ್ತದೆ. ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೆ ಸೇರಿದ ಕೆಲವು ಕಾಡುಗಿಡಗಳ ರಸದಲ್ಲಿ ಫ್ಯುರಾನೊಕೌಮರಿನ್ ಎಂಬ ರಾಸಾಯನಿಕಗಳಿರುತ್ತವೆ. ಅವು ಮೆತ್ತಿದ ಚರ್ಮಕ್ಕೆ ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ, ಅದೂ ಒಂದೆರಡು ದಿನ ತಡವಾಗಿ. ಬರಿಗಾಲಲ್ಲಿ, ಚಡ್ಡಿಯಲ್ಲಿ ಕಳೆ ಕೊಚ್ಚಿದವರಿಗೆ ಅದು ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಲೇಸಿನ ತುದಿ ಹೊರಗೆ ನೇತಾಡದಂತೆ ಬೂಟಿನೊಳಗೆ ಸಿಕ್ಕಿಸುವುದನ್ನು ಮಾತ್ರ ಮರೆಯಬೇಡಿ.

ಚೈನ್ ಗರಗಸ ಹಿಡಿಯುವುದಾದರೆ ಇದುವರೆಗೆ ಹೇಳಿದ ಯಾವ ಬೂಟೂ ಸಾಕಾಗದು. ಅದಕ್ಕೆ ಐಎಸ್‌ಒ 17249 ಎಂಬ ಪ್ರತ್ಯೇಕ ಮಾನದಂಡವಿದೆ. ಚೈನು ಸೆಕೆಂಡಿಗೆ 20 ಮೀಟರ್ ಓಡುವಾಗ ತಡೆದರೆ ಮೊದಲ ದರ್ಜೆ, 24ಕ್ಕೆ ಎರಡನೆಯದು, 28ಕ್ಕೆ ಮೂರನೆಯದು. ಇಂಥ ಬೂಟುಗಳಲ್ಲಿ ಹಲವು ಚೈನನ್ನು ಎದುರಿಸುವ ರೀತಿ ಜಾಣತನದ್ದು. ಪಾದದ ಮೇಲ್ಭಾಗದಲ್ಲಿ ಅಡಗಿಸಿಟ್ಟ ಗಟ್ಟಿ ನಾರುಗಳನ್ನು ಚೈನಿನ ಹಲ್ಲು ಎಳೆದುಕೊಳ್ಳುತ್ತದೆ, ಆ ನಾರು ಗರಗಸದ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಅದನ್ನೇ ಕಟ್ಟಿಹಾಕುತ್ತದೆ. ಒಮ್ಮೆ ಹೀಗೆ ಕೆಲಸ ಮಾಡಿದ ಬೂಟನ್ನು ಮತ್ತೆ ಬಳಸುವಂತಿಲ್ಲ. ವೈರಿನ ವಿದ್ಯುತ್ ಕತ್ತರಿ ಬಳಸುವವರಿಗೂ ಒಂದು ಎಚ್ಚರಿಕೆ: ಸುರಕ್ಷಾ ಬೂಟಿನ ಮೇಲಿನ ಆಂಟಿಸ್ಟ್ಯಾಟಿಕ್ ಎಂಬ ಗುರುತು ಶಾಕ್‌ನಿಂದ ಕಾಪಾಡುತ್ತದೆ ಎಂದಲ್ಲ. ಮೈಯಲ್ಲಿ ಸೇರುವ ಸ್ಥಾಯಿ ವಿದ್ಯುತ್ತು ನೆಲಕ್ಕೆ ಇಳಿದುಹೋಗಲೆಂದು ಅದನ್ನು ಬೇಕೆಂದೇ ಅಷ್ಟಿಷ್ಟು ವಿದ್ಯುತ್ ಹರಿಯುವಂತೆ ಮಾಡಿರುತ್ತಾರೆ.

ಇಷ್ಟೆಲ್ಲ ಇದ್ದೂ ಬೂಟು ಕಾಲಿಗೆ ಹೊಂದದಿದ್ದರೆ ಅದು ಮೂಲೆ ಸೇರುತ್ತದೆ. ಎರಡೂ ಪಾದಗಳಲ್ಲಿ ಸೇರಿ ಸುಮಾರು ಎರಡೂವರೆ ಲಕ್ಷ ಬೆವರು ಗ್ರಂಥಿಗಳಿವೆ. ತೇವದಲ್ಲಿ ನೆನೆದ ಚರ್ಮ ಮೆತ್ತಗಾಗುತ್ತದೆ, ಕಾಲುಚೀಲಕ್ಕೆ ಅಂಟಿಕೊಳ್ಳುತ್ತದೆ, ಉಜ್ಜಿ ಉಜ್ಜಿ ಗುಳ್ಳೆ ಏಳುತ್ತದೆ. ಹತ್ತಿಯ ಕಾಲುಚೀಲ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಉಣ್ಣೆ ಅಥವಾ ಸಿಂಥೆಟಿಕ್ ಬೆರೆತದ್ದು ಒಳ್ಳೆಯದು. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಬೂಟು ಹಾಕಿ ನೋಡಲು ಅದೇ ಸರಿಯಾದ ಸಮಯ. ಕೆಲಸಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಧರಿಸಿ ನೋಡಿ. ಇಳಿಜಾರಿನಲ್ಲಿ ನಿಂತಾಗ ಬೆರಳು ಟೊಪ್ಪಿಗೆಗೆ ತಾಗಬಾರದು. ಮೆತ್ತನೆ ಬೂಟಿನ ಹಾಗೆ ಈ ಟೊಪ್ಪಿಗೆ ದಿನ ಕಳೆದಂತೆ ಹಿಗ್ಗಿ ಕಾಲಿಗೆ ಹೊಂದಿಕೊಳ್ಳುವುದಿಲ್ಲ.

ಕೊಂಡ ಬೂಟನ್ನು ಜೋಪಾನವಾಗಿ ಎತ್ತಿಟ್ಟರೆ ಹಾಳಾಗದು ಎಂಬ ನಂಬಿಕೆಯೂ ಸರಿಯಲ್ಲ. ಹಲವು ಬೂಟುಗಳ ಅಟ್ಟೆ ಪಾಲಿಯುರಿಥೇನ್‌ನದು. ಗಾಳಿಯ ತೇವ ಅದರ ಅಣುಸರಪಳಿಯಲ್ಲಿರುವ ಎಸ್ಟರ್ ಬಂಧಗಳನ್ನು ಒಂದೊಂದಾಗಿ ಮುರಿಯುತ್ತದೆ. ಮುರಿದಾಗ ಹುಟ್ಟುವ ಆಮ್ಲ ಉಳಿದ ಬಂಧಗಳು ಮುರಿಯುವುದನ್ನೂ ಚುರುಕುಗೊಳಿಸುತ್ತದೆ. ಸೆಕೆ ಮತ್ತು ತೇವ ಕೂಡಿದ ಕಡೆ ಇದು ಇನ್ನೂ ಬೇಗ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ, ನೋಡಲು ಹೊಸದರಂತಿರುವ ಬೂಟು ಹಾಕಿಕೊಂಡು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಟ್ಟೆ ಪುಡಿಪುಡಿಯಾಗಿ ಕಳಚಿಬೀಳುವುದು ಇದರಿಂದಲೇ. ಅಂಥ ಬೂಟನ್ನು ಹಾಕುವ ಮುಂಚೆ ಎರಡೂ ಕೈಯಲ್ಲಿ ಹಿಡಿದು ಅಟ್ಟೆಯನ್ನು ಮಡಚಿ ನೋಡಿ, ಹಿಮ್ಮಡಿಯ ಪಕ್ಕದಲ್ಲಿ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ, ಉಗುರು ಒತ್ತಿದ ಕಡೆ ಪುಡಿ ಉದುರಿದರೂ ಆ ಬೂಟಿನಲ್ಲಿ ಏಣಿ ಹತ್ತಬೇಡಿ.